ಶಾವಿಗೆ ಪೊಟ್ಟಣ ಮತ್ತು ಅಮೆರಿಕದ ಸಾಹೇಬ

ಕಳೆದ ಶುಕ್ರವಾರ ಸಂಜೆ ಬಾಗಿಲು ತೆರೆದಾಗ, ಬಂದವರಿಗಿಂತ ಮೊದಲು ಅವರ ಅತ್ತರು ಒಳಗೆ ಬಂತು. ಹಿನಾ ಅತ್ತರು. ಈಗಿನ ಸೆಂಟುಗಳ ಹಾಗೆ ಅದು ಮೂಗಿಗೆ ಹೊಡೆಯುವುದಿಲ್ಲ. ಹಳೆಯ ಟ್ರಂಕಿನ ಮುಚ್ಚಳ ತೆಗೆದಾಗ ಬರುವಂತೆ ನಿಧಾನವಾಗಿ ಬರುತ್ತದೆ, ಬಂದ ಮೇಲೆ ಬೇಗ ಹೋಗುವುದಿಲ್ಲ. ಬಾಗಿಲಲ್ಲಿ ನಿಂತಿದ್ದವರು ಖಾಲಾ, ಎಂದರೆ ಚಿಕ್ಕಮ್ಮ, ಎಂದು ನಮ್ಮ ಓಣಿಯವರೆಲ್ಲ ಕರೆಯುತ್ತಿದ್ದವರು. ನನಗೆ ಇತಿಹಾಸ ಕಲಿಸಿದ ಸರ್ ಅವರ ಹೆಂಡತಿ. ಎಂಬತ್ತು ದಾಟಿದ್ದಾರೆ. ಮಗಳ ಕಾರಿನಲ್ಲಿ ಕೊಪ್ಪಳದಿಂದ ಹನುಮಸಾಗರದ ನೆಂಟರ ಮನೆಗೆ ಹೊರಟವರು, ಕುಷ್ಟಗಿಯಲ್ಲಿ ನನ್ನ ಮನೆ ಹುಡುಕಿಕೊಂಡು ಬಂದಿದ್ದರು. ಒಳಗೆ ಕರೆದು ಕೂರಿಸಿದೆ. ನೀರು ತರಲು ಹೋದಷ್ಟು ಹೊತ್ತಿನಲ್ಲಿ ಆ ವಾಸನೆ ನನ್ನನ್ನು ಕೊಪ್ಪಳದ ಕಾಲೇಜಿನ ಒಂದು ಕೋಣೆಗೆ ಎಳೆದುಕೊಂಡು ಹೋಗಿತ್ತು...

ಸರ್ ಕಿವಿಯ ಸಂದಿಯಲ್ಲಿ ಹಿನಾ ಅದ್ದಿದ ಹತ್ತಿ ಇಟ್ಟುಕೊಂಡು ಕಾಲೇಜಿಗೆ ಬರುತ್ತಿದ್ದರು. ಹಾಜರಿ ಕೂಗುವಾಗ ತಲೆ ತಗ್ಗಿಸಿದರೆ ಮುಂದಿನ ಬೆಂಚಿನ ನಮಗೆ ಅದರ ವಾಸನೆ ಬರುತ್ತಿತ್ತು. ಎತ್ತರದ ಆಳು, ದಪ್ಪ ಕನ್ನಡಕ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಬಿ.ಎ. ಕೊನೆಯ ವರ್ಷಕ್ಕೆ ಅಮೆರಿಕದ ಇತಿಹಾಸ ಕಲಿಸುತ್ತಿದ್ದರು. ಅಮೆರಿಕವಿರಲಿ, ಹುಬ್ಬಳ್ಳಿಯಾಚೆಗೆ ಹೆಚ್ಚು ಓಡಾಡಿದವರಲ್ಲ. ಆದರೂ ವಾಷಿಂಗ್ಟನ್ ಬಗ್ಗೆ ಹೇಳುವಾಗ ಪಕ್ಕದ ಓಣಿಯ ಜಗಳ ಬಿಡಿಸಿ ಈಗಷ್ಟೇ ಬಂದವರ ಹಾಗೆ ಹೇಳುತ್ತಿದ್ದರು.

ಅವರ ಒಂದು ಪಾಠ ಹೆಸರುವಾಸಿಯಾಗಿತ್ತು. ಚೀನಾಕ್ಕೆ ಹೋಗಿ ಕೈ ಕುಲುಕಿ ಬಂದು, ಆಮೇಲೆ ಮನೆಯೊಳಗಿನ ಹಗರಣದಲ್ಲಿ ಕುರ್ಚಿ ಕಳೆದುಕೊಂಡ ಅಧ್ಯಕ್ಷನ ಪಾಠ. ಆ ದಿನ ಬೇರೆ ತರಗತಿಯವರೂ ಬಂದು ಕಿಟಕಿಯಲ್ಲಿ ನಿಲ್ಲುತ್ತಿದ್ದರು. ಮೊದಲ ವರ್ಷದಲ್ಲಿದ್ದಾಗ ನಾನೂ ಹಾಗೆ ನಿಂತು ಕೇಳಿದ್ದೆ. ಸರ್ ಅಧ್ಯಕ್ಷನ ಹೆಸರು ಹೇಳುತ್ತಿರಲಿಲ್ಲ. "ಹೆಸರ ಪುಸ್ತಕದಾಗ ಐತಿ, ಓದ್ಕೋರಿ. ನಾವು ಆ ಸಾಹೇಬ ಅನ್ನೋಣು," ಎನ್ನುತ್ತಿದ್ದರು. ಬೋರ್ಡಿನ ನಡುವೆ ಸುಣ್ಣದ ಕಡ್ಡಿಯಿಂದ ಉದ್ದ ಗೆರೆ ಎಳೆದು, ಎಡಕ್ಕೆ ಪಡಸಾಲಿ ಎಂದೂ ಬಲಕ್ಕೆ ಅಡಗಿಮನಿ ಎಂದೂ ಬರೆಯುತ್ತಿದ್ದರು. ಪಡಸಾಲೆಯ ಪಾಲಿಗೆ ಚೀನಾ ಭೇಟಿ, ರಷ್ಯಾದ ಜೊತೆ ಅಣ್ವಸ್ತ್ರಗಳಿಗೆ ಮಿತಿ ಹಾಕಿದ ಒಪ್ಪಂದ, ದೂರದ ಯುದ್ಧದಿಂದ ಸೈನಿಕರು ಮನೆಗೆ ಮರಳಿದ್ದು. ಎಪ್ಪತ್ತೊಂದರ ನಮ್ಮ ಯುದ್ಧದ ಹೊತ್ತಿನಲ್ಲಿ ಬಂಗಾಳ ಕೊಲ್ಲಿಗೆ ಹಡಗು ಕಳಿಸಿ ನಮ್ಮನ್ನು ಹೆದರಿಸಲು ನೋಡಿದ್ದನ್ನು ಗೆರೆಯ ಮೇಲೆಯೇ ಬರೆಯುತ್ತಿದ್ದರು. ಅದು ಯಾವ ಕಡೆಗೆ ಸೇರಬೇಕೆಂದು ಗಂಗಾವತಿ ಕಡೆಯ ಹುಡುಗರು ಪ್ರತಿ ವರ್ಷ ಗಲಾಟೆ ಮಾಡುತ್ತಿದ್ದರಂತೆ.

ಅಡುಗೆಮನೆಯ ಪಾಲಿಗೆ ಬಂದಾಗ ಸರ್ ಧ್ವನಿ ಇಳಿಯುತ್ತಿತ್ತು. ವಿರೋಧ ಪಕ್ಷದ ಕಚೇರಿಗೆ ನುಗ್ಗಿದ ಕಳ್ಳರು. ಅವರು ತನ್ನ ಕಡೆಯವರೆಂದು ಹೊರಗೆ ಬರದಂತೆ ಸಾಹೇಬ ಪಟ್ಟ ಪಾಡು. ತನ್ನ ಕೋಣೆಯಲ್ಲಿ ತಾನೇ ಇಡಿಸಿದ್ದ ಟೇಪು, ಅದರಲ್ಲೇ ಸಿಕ್ಕಿಬಿದ್ದದ್ದು. "ಹೆಂಗೂ ಗೆಲ್ಲೋ ಚುನಾವಣಿರಿ ಅದು. ಕಳವು ಬ್ಯಾಡಾಗಿತ್ತು. ಆದ್ರ ಆ ಸಾಹೇಬನ ಕೆಡವಿದ್ದು ಕಳವಲ್ಲ, ಮುಚ್ಚಿಟ್ಟದ್ದು," ಎನ್ನುತ್ತಿದ್ದರು. ಒಂದು ಟೇಪಿನ ನಡುವೆ ಒಂದಿಷ್ಟು ಹೊತ್ತು ಮಾತೇ ಇಲ್ಲ, ಬರೀ ಗುಂಯ್ ಎನ್ನುವ ಸದ್ದು. ಯಾರೋ ಅಳಿಸಿದ್ದರು. ಯಾರು ಅಳಿಸಿದ್ದು ಸರ್ ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು. "ಯಾರಂತ ಇವತ್ತಿಗೂ ಗೊತ್ತಾಗಿಲ್ಲ. ಆದ್ರ ಅದನ್ನ ಕೇಳಬ್ಯಾಡ್ರಿ. ಯಾರನ್ನ ಉಳಿಸಾಕ ಅಳಸಿದ್ರು, ಅದನ್ನ ಕೇಳ್ರಿ," ಎನ್ನುವುದು ಅವರ ಉತ್ತರ.

ಕೊನೆಗೆ ಕ್ಷಮೆಯ ಮಾತು. ಆ ಸಾಹೇಬ ರಾಜೀನಾಮೆ ಕೊಟ್ಟ ಮೇಲೆ ಬಂದ ಅಧ್ಯಕ್ಷ ಅವನನ್ನು ಒಟ್ಟಾರೆಯಾಗಿ ಕ್ಷಮಿಸಿಬಿಟ್ಟ. ಮಾಡಿದ ತಪ್ಪಿಗೂ, ಮಾಡಿರಬಹುದಾದ ತಪ್ಪಿಗೂ. ಇಂಥದ್ದು ಮಾಡಿದೆ ಎಂದು ಸಾಹೇಬ ಬಾಯಿಬಿಟ್ಟು ಹೇಳಿರಲೇ ಇಲ್ಲ. "ಹೆಸರ ಹೇಳಲಾರದ ತಪ್ಪಿಗೆ ಮಾಫಿ ಕೊಟ್ರ ಅದು ಮಾಫಿ ಅಲ್ರಿ, ಬಾಗಲಾ ಹಾಕಿದಂಗ," ಎಂದು ಹೇಳಿ ಸರ್ ಕೈಯ ಸುಣ್ಣ ಒರೆಸಿಕೊಳ್ಳುವ ಹೊತ್ತಿಗೆ ಗಂಟೆ ಬಾರಿಸುತ್ತಿತ್ತು.

ಒಂದು ಕಾಲಕ್ಕೆ ಆ ಗಂಟೆ ಬಾರಿಸುತ್ತಿದ್ದವರು ನಮ್ಮ ಅಪ್ಪ. ಅಪ್ಪ ಆ ಕಾಲೇಜಿನ ಸಿಪಾಯಿ. ಗಂಟೆ ಬಾರಿಸುವುದು, ಕೋಣೆ ತೆರೆಯುವುದು, ಟೆಸ್ಟುಗಳು ಬಂದಾಗ ಸೈಕ್ಲೋಸ್ಟೈಲ್ ಯಂತ್ರ ತಿರುಗಿಸಿ ಪ್ರಶ್ನೆಪತ್ರಿಕೆಯ ಪ್ರತಿ ತೆಗೆಯುವುದು ಅವರ ಕೆಲಸ. ನಾನು ಇನ್ನೂ ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗ ಒಂದು ಸಲ ಸರ್ ತೆಗೆದ ಪ್ರಶ್ನೆಪತ್ರಿಕೆ ಪರೀಕ್ಷೆಗೆ ಮೊದಲೇ ಹುಡುಗರ ಕೈಗೆ ಸಿಕ್ಕಿತ್ತು. ಯಂತ್ರದಲ್ಲಿ ಮೊದಮೊದಲು ಮಸಿ ಮೆತ್ತಿಕೊಂಡು ಬರುವ ಕೆಟ್ಟ ಪ್ರತಿಗಳನ್ನು ಪ್ರಶ್ನೆ ತೆಗೆದವರು ಒಯ್ದು ಸುಡಬೇಕೆಂಬ ಕಟ್ಟಳೆ. ಸರ್ ಕೈಗೆ ಕೊಟ್ಟೆ ಎಂದು ಅಪ್ಪ ಹೇಳಿದರು. ಮನೆಗೆ ಒಯ್ದು ಸುಟ್ಟೆ ಎಂದು ಸರ್ ಹೇಳಿದರು. ಒಬ್ಬರು ಪ್ರಾಧ್ಯಾಪಕರು, ಒಬ್ಬರು ಸಿಪಾಯಿ. ಪ್ರಿನ್ಸಿಪಾಲರಿಗೆ ಹೆಚ್ಚು ಯೋಚನೆ ಮಾಡುವ ಅಗತ್ಯ ಬೀಳಲಿಲ್ಲ. ಅಪ್ಪನನ್ನು ಯಲಬುರ್ಗಾದಲ್ಲಿದ್ದ ಸಂಸ್ಥೆಯ ಇನ್ನೊಂದು ಶಾಖೆಗೆ ಹಾಕಿದರು.

ಅಪ್ಪ ದಿನಾ ಬಸ್ಸಿನಲ್ಲಿ ಹೋಗಿ ಬರತೊಡಗಿದರು. ಸಂಜೆ ಇಳಿದು ಕಾಲೇಜಿನ ಮುಂದಿನ ನೆಟ್ಟಗಿನ ದಾರಿ ಬಿಟ್ಟು ಹಿಂದಿನ ಓಣಿಗಳಲ್ಲಿ ಸುತ್ತಿ ಮನೆಗೆ ಬರುತ್ತಿದ್ದರು. ಗೇಟಿನೆದುರಿನ ಹೋಟೆಲಿನಲ್ಲಿ ಚಹಾ ಕುಡಿಯುವುದು ನಿಂತಿತು. ಪೇಪರ್ ಮಾರಿದವನ ಮಗಳು ಎಂದು ನನ್ನನ್ನು ಶಾಲೆಯಲ್ಲಿ ಕರೆದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸರ್ ಮನೆ ನಮ್ಮ ಪಕ್ಕದ ಓಣಿಯಲ್ಲೇ ಇತ್ತು. ಎದುರಿಗೆ ಸಿಕ್ಕಾಗ ಸರ್ ಸೈಕಲ್ ಇಳಿದು ನಿಲ್ಲುತ್ತಿದ್ದರು, ಅಪ್ಪ ನಮಸ್ಕಾರ ಮಾಡಿ ಮುಂದೆ ಹೋಗುತ್ತಿದ್ದರು. ಇದೆಂಥ ಶಿಷ್ಟಾಚಾರವೋ ನನಗೆ ತಿಳಿಯುತ್ತಿರಲಿಲ್ಲ.

ಏಳೆಂಟು ವರ್ಷ ಹೀಗೇ ಹೋಯಿತು. ನಾನು ಅದೇ ಕಾಲೇಜಿನಲ್ಲಿ ಕೊನೆಯ ವರ್ಷಕ್ಕೆ ಬಂದಾಗ ಸರ್ ಹಜ್‌ಗೆ ಹೊರಡುವುದು ನಿಶ್ಚಯವಾಯಿತು. ಹಜ್‌ಗೆ ಹೊರಡುವವರು ನೆಂಟರ, ನೆರೆಯವರ ಮನೆಮನೆಗೆ ಹೋಗಿ 'ಕಹಾ ಸುನಾ ಮಾಫ್' ಎಂದು ಕೇಳಿಕೊಳ್ಳುವುದು ನಮ್ಮ ಕಡೆಯ ಮುಸ್ಲಿಮರ ರೂಢಿ. ಆಡಿದ್ದು, ಕೇಳಿದ್ದು, ತಿಳಿದೋ ತಿಳಿಯದೆಯೋ ನೋಯಿಸಿದ್ದು ಎಲ್ಲವನ್ನೂ ಮನ್ನಿಸಿ ಎಂದು. ಮನುಷ್ಯರಿಗೆ ಮಾಡಿದ ತಪ್ಪನ್ನು ಮನುಷ್ಯರೇ ಮನ್ನಿಸಬೇಕು, ಅದನ್ನು ಹೊತ್ತುಕೊಂಡು ಅಲ್ಲಿಗೆ ಹೋಗಬಾರದು ಎಂದು ಅವರ ನಂಬಿಕೆ. ಕೇಳಿಸಿಕೊಂಡವರು ಹಿಂದುಗಳಾಗಲಿ ಮುಸ್ಲಿಮರಾಗಲಿ, 'ಮಾಫ್' ಎಂದು ಹೇಳಿ, ನಮಗಾಗಿಯೂ ಬೇಡಿಕೊಂಡು ಬನ್ನಿ ಎಂದು ಕಳಿಸುತ್ತಾರೆ. ಬೇರೆ ಮಾತು ಅಲ್ಲಿ ಬರುವುದೇ ಇಲ್ಲ.

ಒಂದು ಸಂಜೆ ಸರ್ ನಮ್ಮ ಮನೆಗೂ ಬಂದರು. ಅವ್ವ ಚಾಪೆ ಹಾಸಿದಳು. ನಾನು ಚಹಾ ತಂದೆ. ಸರ್ ಲೋಟ ಮುಟ್ಟಲಿಲ್ಲ.

"ಹಜ್‌ಕ ಹೊಂಟೇನ್ರಿ ಅಣ್ಣಾವರ. ಇಷ್ಟ ವರ್ಷದಾಗ ನನ್ನ ಕಡಿಂದ ಏನರ ತಪ್ಪಾಗಿದ್ರ, ಕಹಾ ಸುನಾ ಮಾಫ್ ಮಾಡ್ರಿ," ಎಂದರು.

ಅಪ್ಪ ಲೋಟವನ್ನು ಸರ್ ಕಡೆ ಸರಿಸಿದರು. "ಯಾವದಕ್ಕ ರಿ ಸರ್?" ಎಂದು ಕೇಳಿದರು.

"ಏನರ ಇದ್ರ..."

"ಏನರ ಅಂದ್ರ ಆಗಂಗಿಲ್ರಿ. ನಿಮ್ಮ ಪಾಠ ನಾನೂ ಬಾಗಲದಾಗ ನಿಂತು ಕೇಳೇನಿ. ಹೆಸರ ಹೇಳಲಾರದ ತಪ್ಪಿಗೆ ಮಾಫಿ ಕೊಟ್ರ ಬಾಗಲಾ ಹಾಕಿದಂಗ ಅಂತ ನೀವ ಹೇಳೀರಿ."

ಸರ್ ಮುಖ ನೆಲಕ್ಕಿಳಿಯಿತು. ಏನೋ ಹೇಳಲು ಬಾಯಿ ತೆರೆದರು. ಅಪ್ಪ ಕೈ ಎತ್ತಿ ತಡೆದರು. "ಇಲ್ಲಿ ಹೇಳಬ್ಯಾಡ್ರಿ. ಇಲ್ಲಿ ಹೇಳಿದ್ರ ನಾ ಒಬ್ಬಾಂವ ಕೇಳ್ತೇನಿ. ನನ್ನ ಕಳ್ಳ ಅಂದಾವರು ಅಲ್ಲಿ ಕಾಲೇಜಿನ್ಯಾಗ ಅದಾರ," ಎಂದರು. ಸರ್ ಎದ್ದು ಹೋದರು. ಅಷ್ಟು ದೊಡ್ಡ ಮನುಷ್ಯ ನಮ್ಮ ತಗ್ಗು ಬಾಗಿಲಲ್ಲಿ ತಲೆ ತಗ್ಗಿಸುವುದನ್ನು ಮರೆತು ಹಣೆ ಬಡಿಸಿಕೊಂಡರು.

ಅವರು ಹೋದಮೇಲೆ ಅಪ್ಪ ನನಗೆ ಮೊದಲ ಸಲ ಎಲ್ಲವನ್ನೂ ಹೇಳಿದರು. ರಂಜಾನ್ ಹಬ್ಬಕ್ಕೆ ಸರ್ ಮನೆಯಿಂದ ಸಸ್ಯಾಹಾರಿಗಳ ಮನೆಗಳಿಗೆ ಸುರಕುಂಬಾ ಎಂಬ ಶಾವಿಗೆ ಪಾಯಸ ಮಾಡಿಕೊಳ್ಳಲು ಒಣ ಸಾಮಾನು ಬರುತ್ತಿತ್ತು. ಅವರ ಅಡುಗೆಮನೆಯ ಪಾತ್ರೆ ನಮಗೆ ನಡೆಯುವುದಿಲ್ಲವೆಂದು ಶಾವಿಗೆ, ಸಕ್ಕರೆ, ಉತ್ತತ್ತಿ, ಗೋಡಂಬಿಗಳನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ, ತಾಟಿನಲ್ಲಿಟ್ಟು, ಮೇಲೆ ಕಸೂತಿಯ ಬಟ್ಟೆ ಮುಚ್ಚಿ ಕಳಿಸುತ್ತಿದ್ದರು. ಪಾಪ, ಎಷ್ಟು ಎಚ್ಚರಿಕೆಯಿಂದ ಮಾಡುತ್ತಿದ್ದರು. ಆ ವರ್ಷ ಹಬ್ಬ ಮುಗಿದ ಕೂಡಲೇ ಟೆಸ್ಟ್. ಕೆಟ್ಟ ಪ್ರತಿಗಳನ್ನು ಸರ್ ಬಚ್ಚಲ ಒಲೆಗೆ ಹಾಕಬೇಕೆಂದು ಗೂಡಿನಲ್ಲಿ ಇಟ್ಟು ಮರೆತಿರಬೇಕು ಎಂದು ಅಪ್ಪನ ಊಹೆ. ಪೊಟ್ಟಣ ಕಟ್ಟುವಾಗ ಹಳೆಯ ಸುದ್ದಿಪತ್ರಿಕೆ ಸಾಲದೆ ಹೋಗಿದೆ. ಒಂದು ಬದಿ ಖಾಲಿ ಇದ್ದ ಆ ಹಾಳೆಗಳು ಕೈಗೆ ಸಿಕ್ಕಿವೆ. ಖಾಲಾಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಶಾವಿಗೆಯ ಜೊತೆ ಪ್ರಶ್ನೆಪತ್ರಿಕೆ ಓಣಿ ಓಣಿ ಸುತ್ತಿ, ಒಂದು ಪೊಟ್ಟಣ ಅದೇ ತರಗತಿಯ ಹುಡುಗನಿದ್ದ ಮನೆಗೂ ಹೋಗಿ ಕೂತಿತು. ಆ ಪತ್ರಿಕೆಯಲ್ಲಿ ಅಮೆರಿಕದ ಸಾಹೇಬನ ಹಗರಣದ ಮೇಲೂ ಒಂದು ಪ್ರಶ್ನೆ ಇತ್ತೆಂದು ಹೇಳುವಾಗ ಅಪ್ಪ ನಕ್ಕರು. ಅದು ನಗುವ ಮಾತೇ ಎಂದು ನನಗೆ ಆಗ ಅನಿಸಿರಲಿಲ್ಲ.

"ನಿಮಗ ಹೆಂಗ ಗೊತ್ತಾತು?" ಎಂದೆ.

"ನಮ್ಮ ಮನಿಗೂ ಒಂದು ಬಂದಿತ್ತಲ್ಲ," ಎಂದಳು ಅವ್ವ.

ಅವ್ವನಿಗೆ ಓದು ಬರುತ್ತಿರಲಿಲ್ಲ. ಶಾವಿಗೆ ಡಬ್ಬಿಗೆ ಸುರಿದು ಕಾಗದವನ್ನು ಒಲೆಯ ಹತ್ತಿರ ಇಟ್ಟಿದ್ದಳು. ಕಾಲೇಜಿನಲ್ಲಿ ವಿಚಾರಣೆ ಶುರುವಾದ ದಿನ ಅಪ್ಪ ಮನೆಗೆ ಬಂದು ನೋಡಿದಾಗ, ತಾವೇ ಯಂತ್ರ ತಿರುಗಿಸಿ ತೆಗೆದ ಹಾಳೆ ತಮ್ಮ ಒಲೆಯ ಪಕ್ಕದಲ್ಲೇ ಬಿದ್ದಿತ್ತು. ಅದನ್ನು ಒಯ್ದು ತೋರಿಸಿದರೆ ಏನಾಗುತ್ತಿತ್ತು? ಸಿಪಾಯಿಯ ಮನೆಯಲ್ಲೇ ಪ್ರಶ್ನೆಪತ್ರಿಕೆ ಸಿಕ್ಕಿತು ಎಂದಾಗುತ್ತಿತ್ತು. ಅಪ್ಪನನ್ನು ಬಿಡಿಸಬಹುದಾದ ಸಾಕ್ಷಿಯೇ ಅಪ್ಪನನ್ನು ಸಿಕ್ಕಿಸುವಂತಿತ್ತು. ಹಾಳೆಯನ್ನು ಒಲೆಗೆ ಹಾಕಿ ಸುಮ್ಮನಾದರು. ಇದರಲ್ಲಿ ದೊಡ್ಡತನವೇನೂ ಇರಲಿಲ್ಲ, ಹೆದರಿಕೆ ಇತ್ತು. ಅಪ್ಪನೂ ಹಾಗೆಯೇ ಹೇಳಿದರು.

ಆಗ ಅವ್ವ ಇನ್ನೊಂದು ಮಾತು ಸೇರಿಸಿದಳು. ಆ ವರ್ಷ ಪೊಟ್ಟಣ ಕಟ್ಟಲು ಸರ್ ಕೂಡ ಕೂತಿದ್ದರಂತೆ. "ಸರ್ ಕಟ್ಟಿದ್ದು ಹಲ್ಲಿಲೆ ಬಿಚ್ಚಬೇಕಿತ್ತು. ಸಕ್ಕರಿ ಪೊಟ್ಟಣ ಹಂಗ ಇತ್ತು. ಆ ಹಾಳಿಯೊಳಗಿನ ಶಾವಿಗಿದು ಖಾಲಾನ ಗಂಟು," ಎಂದಳು. ಖಾಲಾ ಹಾಕುವ ಗಂಟನ್ನು ನಮ್ಮ ಓಣಿಯ ಹೆಂಗಸರೆಲ್ಲ ಗುರುತಿಸುತ್ತಿದ್ದರು. ಎರಡು ಸಣ್ಣ ಕುಣಿಕೆ, ನಡುವೆ ಒಂದು ತಿರುವು, ತುದಿ ಹಿಡಿದು ಎಳೆದರೆ ಸರಕ್ಕನೆ ಬಿಚ್ಚಿಕೊಳ್ಳುತ್ತಿತ್ತು. ಸರ್ ಅಂದು ಸುಳ್ಳು ಹೇಳಿದ್ದು ತಮ್ಮ ನೌಕರಿಯ ಹೆದರಿಕೆಗೋ, ಮನೆಯ ಹೆಣ್ಣುಮಗಳ ಹೆಸರು ಊರ ಬಾಯಿಗೆ ಬೀಳುತ್ತದೆಂದೋ... ಎರಡೂ ಇರಬಹುದು. ಎಷ್ಟೆಷ್ಟು ಎಂದು ನನಗೆ ಗೊತ್ತಿಲ್ಲ.

ಮರುವಾರ ಸರ್ ಪಾಠದ ಸರದಿ ಬಿಟ್ಟು ಪುಸ್ತಕದ ಕೊನೆಗೆ ಬರಬೇಕಾದ ಆ ಸಾಹೇಬನ ಪಾಠವನ್ನು ಮೊದಲೇ ತೆಗೆದುಕೊಂಡರು. ಹಜ್‌ಗೆ ಹೋಗುವ ಅವಸರ ಎಂದುಕೊಂಡೆವು. ಅಂದು ಗುಮಾಸ್ತರನ್ನೂ ಸಿಪಾಯಿಗಳನ್ನೂ ಒಳಗೆ ಕರೆದು ಹಿಂದಿನ ಬೆಂಚಿನಲ್ಲಿ ಕೂರಿಸಿದ್ದರು. ಕಿಟಕಿಯಲ್ಲಿ ಎಂದಿನ ಹಾಗೆ ಜನ. ಪಡಸಾಲೆ ತುಂಬಿತು, ಅಡುಗೆಮನೆ ತುಂಬಿತು, ಕ್ಷಮೆಯ ಮಾತು ಬಂತು. ಸರ್ ಸುಣ್ಣದ ಕಡ್ಡಿ ಕೆಳಗಿಟ್ಟರು.

"ಇಲ್ಲೀ ತನಕ ಆ ಸಾಹೇಬನ ಸುದ್ದಿ. ಇನ್ನ ನಂದು," ಎಂದರು.

ಎಲ್ಲವನ್ನೂ ಹೇಳಿದರು. ಕೆಟ್ಟ ಪ್ರತಿ ತಮ್ಮ ಕೈಗೆ ಬಂದದ್ದು, ಸುಡದೆ ಇಟ್ಟದ್ದು, ಸುಟ್ಟೆನೆಂದು ಪ್ರಿನ್ಸಿಪಾಲರೆದುರು ಸುಳ್ಳು ಹೇಳಿದ್ದು. ಅಪ್ಪನ ಹೆಸರನ್ನು ಪೂರ್ತಿ ಹೇಳಿ, "ಆ ಮನಷ್ಯಾ ನಿಜಾ ಹೇಳಿದ್ದ. ಸುಳ್ಳ ಹೇಳಿದಾಂವ ನಾನು. ಅವನ ನೌಕರಿ ಯಲಬುರ್ಗಾಕ್ಕ ಹೋಗಿದ್ದು ನನ್ನಿಂದ," ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು: "ಆ ಹಾಳಿಯೊಳಗ ಶಾವಿಗಿ ಸುತ್ತಿ ಕಟ್ಟಿದಾಂವ ಸುದ್ದಾ ನಾನ. ನನ್ನ ಕೈಯಿಂದ ಆಗಿದ್ದು."

ಅಪ್ಪನ ಹೆಸರು ಕೇಳಿ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಆದರೂ ಕೊನೆಯ ಮಾತು ಸರಿಯಲ್ಲ ಎಂದು ಸರ್ ಬಿಟ್ಟರೆ ಆ ಇಡೀ ಕೋಣೆಯಲ್ಲಿ ನನಗೊಬ್ಬಳಿಗೆ ಗೊತ್ತಿತ್ತು.

ಮನೆಗೆ ಬಂದು ಒಂದೂ ಬಿಡದೆ ಹೇಳಿದೆ. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದರು. ಪೊಟ್ಟಣದ ಮಾತು ಬಂದಾಗ ಅವ್ವನ ಕಡೆ ನೋಡಿದರು, ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಟೇಪಿನ್ಯಾಗ ಇಲ್ಲೂ ಒಂದೀಟು ಅಳಸ್ಯಾರ," ಎಂದರು ಅಪ್ಪ. ಸ್ವಲ್ಪ ಹೊತ್ತಿನ ಮೇಲೆ, "ಅಳಸಿದ್ದು ಛಲೋ ಆತು," ಎಂದರು.

ಸರ್ ಹೊರಡುವ ದಿನ ಕೊಪ್ಪಳದ ಸ್ಟೇಷನ್ನಿನಲ್ಲಿ ಭಾರೀ ಜನ. ಕೊರಳ ತುಂಬ ಹೂವಿನ ಹಾರ, ಎಲ್ಲೆಲ್ಲೂ ಅತ್ತರಿನ ವಾಸನೆ. ಅಪ್ಪ ಯಲಬುರ್ಗಾದಿಂದ ನೇರವಾಗಿ ಸ್ಟೇಷನ್ನಿಗೆ ಬಂದಿದ್ದರು, ಖಾಕಿ ಅಂಗಿಯಲ್ಲೇ. ಜನರ ನಡುವೆ ನುಗ್ಗುವುದು ಅವರ ಸ್ವಭಾವವಲ್ಲ. ಸರ್ ಹತ್ತಿ ಕೂತು, ಗಾಡಿ ಬಿಡುವ ಹೊತ್ತಿಗೆ ಕಿಟಕಿಯ ಸರಳು ಹಿಡಿದುಕೊಂಡರು.

"ಮಾಫ್ ರಿ ಸರ್. ಹೇಳಿದ್ದಕ್ಕೂ ಮಾಫ್. ಹೇಳಲಾರದ್ದಕ್ಕೂ ಮಾಫ್."

ಸರ್ ಅಪ್ಪನ ಕೈಯ ಮೇಲೆ ಕೈ ಇಟ್ಟರು. ಅಪ್ಪನಿಗೆ ಎಲ್ಲ ಗೊತ್ತಿದೆಯೆಂದು ಅವರಿಗೆ ಆಗಲೇ ಗೊತ್ತಾಗಿರಬೇಕು. ಏನೋ ಹೇಳಿದರು, ಗಾಡಿಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ...

ಅದರಿಂದ ಏನಾಯಿತು ಎಂದು ಕೇಳಿದರೆ, ಹೆಚ್ಚೇನೂ ಆಗಲಿಲ್ಲ. ಹಳೆಯ ಪ್ರಿನ್ಸಿಪಾಲರು ನಿವೃತ್ತರಾಗಿದ್ದರು, ಹೊಸಬರಿಗೆ ಹಳೆಯದನ್ನು ಕೆದಕುವ ಮನಸ್ಸಿರಲಿಲ್ಲ. ಅಪ್ಪ ನಿವೃತ್ತಿಯವರೆಗೂ ಯಲಬುರ್ಗಾದಲ್ಲೇ ಉಳಿದರು. ಆದರೆ ಸಂಜೆ ಬಸ್ಸಿಳಿದು ಕಾಲೇಜಿನ ಮುಂದಿನ ದಾರಿಯಲ್ಲೇ ಬರತೊಡಗಿದರು. ಗೇಟಿನೆದುರು ಕೂತು ಚಹಾ ಕುಡಿದು, ಬೇಕೆಂದೇ ತಡಮಾಡಿ ಮನೆಗೆ ಬರುತ್ತಿದ್ದರು. ಅವ್ವ ಬೈಯುತ್ತಿದ್ದಳು. ಸರ್ ಹಾಜಿಯಾಗಿ ಬಂದರು, ಮತ್ತೆ ಪಾಠ ಮಾಡಿದರು, ಮತ್ತೆ ಗೆರೆ ಎಳೆದರು. ಈಗ ಸರ್ ಇಲ್ಲ. ಅಪ್ಪ ಇಲ್ಲ, ಅವ್ವನೂ ಇಲ್ಲ. ನಾನು ಕುಷ್ಟಗಿಯ ಹುಡುಗರಿಗೆ ಅದೇ ಸಾಹೇಬನ ಪಾಠ ಮಾಡುತ್ತೇನೆ, ಅದೇ ಗೆರೆ ಎಳೆಯುತ್ತೇನೆ. ಯಾರು ಅಳಿಸಿದ್ದು ಎಂದು ಇವರೂ ಕೇಳುತ್ತಾರೆ.

ಶುಕ್ರವಾರ ಖಾಲಾ ಬಂದದ್ದೂ ಮಾಫಿಯ ಮಾತಿಗೆ. ಮಗಳ ಜೊತೆ ಹಜ್‌ನಂಥದ್ದೇ ಚಿಕ್ಕ ಯಾತ್ರೆಯಾದ ಉಮ್ರಾಕ್ಕೆ ಹೊರಟಿದ್ದಾರೆ. ನೀರು ಕುಡಿದು ಲೋಟ ಕೆಳಗಿಟ್ಟು, "ಕಹಾ ಸುನಾ ಮಾಫ್ ಮಾಡು ಬೇಟಾ," ಎಂದರು. ಆಮೇಲೆ ತಾವೇ ಮುಂದುವರಿಸಿದರು. "ನಿಮ್ಮಪ್ಪಗ ಭಾಳ ಅನ್ಯಾಯ ಆತು. ಇವರು ಯಾಕ ಕೈ ಹಚ್ಚಬೇಕಿತ್ತು ಪೊಟ್ಟಣಕ್ಕ? ನಾ ಕಟ್ಟಿದ್ರ ಕಾಗದ ನೋಡಿ ಕಟ್ಟತಿದ್ದೆ. ಹಬ್ಬ ಬಂದಾಗೊಮ್ಮೆ ಅವರಿಗೆ ಬೈತಿದ್ದೆ. ನನ್ನ ಅಡಗಿಮನ್ಯಾಗ ನಿಮಗೇನ ಕೆಲಸ ಇತ್ತು ಅಂತ. ಒಂದ ದಿನ ತಿರುಗಿ ಮಾತಾಡಲಿಲ್ಲ. ನಕ್ಕೋತ ಕುಂದರತಿದ್ರು."

ನನಗೆ ಹೇಳಿಬಿಡಲೇ ಎಂದು ಒಂದು ಕ್ಷಣ ಅನಿಸಿತು. ಅವರು ಏಕೆ ನಗುತ್ತಿದ್ದರು ಎಂದು ಈ ಮುದುಕಿಗೆ ತಿಳಿಯಬೇಡವೇ? ಈಕೆಯ ಗಂಟನ್ನು ತಮ್ಮ ಮೇಲೆ ಹಾಕಿಕೊಂಡು ನಗುತ್ತಿದ್ದರೆಂದು ತಿಳಿದರೆ ಆ ನಗು ಈಕೆಯದಾಗುತ್ತಿತ್ತು. ಜೊತೆಗೆ ಅಪ್ಪನ ಆ ಏಳೆಂಟು ವರ್ಷವೂ ಈಕೆಯದಾಗುತ್ತಿತ್ತು, ಅದನ್ನು ಹೊತ್ತುಕೊಂಡು ಈ ವಯಸ್ಸಿನಲ್ಲಿ ಅಷ್ಟು ದೂರ ಹೋಗಬೇಕಾಗುತ್ತಿತ್ತು.

"ಮಾಫ್ ರಿ ಖಾಲಾ," ಎಂದೆ. ಯಾವುದಕ್ಕೆ ಎಂದು ಕೇಳಲಿಲ್ಲ.

ಖಾಲಾ ನನ್ನ ತಲೆ ಸವರಿ, ಚೀಲದಿಂದ ಒಂದು ಶಾವಿಗೆ ಪೊಟ್ಟಣ ತೆಗೆದು ಕೈಗಿಟ್ಟು ಹೋದರು. ಅಂಗಡಿಯ ಪ್ಲಾಸ್ಟಿಕ್ ಅಲ್ಲ. ಹಳೆಯ ಸುದ್ದಿಪತ್ರಿಕೆಯ ಕಾಗದ, ಮೇಲೆ ದಾರ. ಎರಡು ಸಣ್ಣ ಕುಣಿಕೆ, ನಡುವೆ ಒಂದು ತಿರುವು. ಆ ಗಂಟನ್ನೂ ಅದರ ಕತೆಯನ್ನೂ ಬಲ್ಲವಳು ಈಗ ನಾನೊಬ್ಬಳೇ. ಅತ್ತರಿನ ವಾಸನೆ ಮರುದಿನದ ತನಕ ಮನೆಯಲ್ಲಿತ್ತು. ಪೊಟ್ಟಣ ಅಡುಗೆ ಕಟ್ಟೆಯ ಮೇಲೆ ಹಾಗೇ ಇದೆ, ಇನ್ನೂ ಬಿಚ್ಚಿಲ್ಲ.